ಬಲೆ ಕಟ್ಟಿದರೆ ಸಾಲದು, ಬಿದ್ದ ಹಣ್ಣು ಆಯಬೇಕು

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಮಾವಿನಹಣ್ಣನ್ನು ಯಾರೂ ಇಡಿಯಾಗಿ ಕಚ್ಚಿ ತಿನ್ನುತ್ತಿರಲಿಲ್ಲ. ಮೊದಲು ಹೆಚ್ಚಬೇಕು, ಹೋಳನ್ನು ಬೆಳಕಿಗೆ ಹಿಡಿದು ನೋಡಬೇಕು, ಆಮೇಲೆ ಬಾಯಿಗೆ. ಹೊರಗಿನಿಂದ ನೋಡಿದರೆ ಹೊಂಬಣ್ಣದ ಹಣ್ಣು, ಮನೆ ತುಂಬ ಘಮ. ಚಾಕು ಇಟ್ಟರೆ ಸಿಪ್ಪೆಯ ಕೆಳಗೆ ನೀರಾಗಿ ಹೋದ ತಿರುಳು, ಅದರಲ್ಲಿ ಮಿಸುಕಾಡುವ ಬಿಳಿ ಹುಳ. ಪೇಟೆಯಲ್ಲಿ ಕೊಂಡವರಿಗೆ ಒಂದು ಹಣ್ಣು ಹೋಯಿತು, ಅಷ್ಟೇ. ಬೆಳೆದವರಿಗೆ ಇಡೀ ಲೋಡು ಮಂಡಿಯಲ್ಲಿ ಬಿದ್ದು ಹೋಗುತ್ತದೆ.

ಇದು ಹಣ್ಣು ನೊಣದ ಕೆಲಸ. ಕೋಲಾರದ ಕಡೆ ಬಹಳ ರೈತರು ಇದನ್ನು ಊಜಿ ಎಂದೇ ಕರೆಯುತ್ತಾರೆ. ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ಬೇರೆಯೇ ನೊಣ, 1980ರಲ್ಲಿ ಕರ್ನಾಟಕಕ್ಕೆ ಬಂದದ್ದು. ರೇಷ್ಮೆ ಬೆಳೆಯುವ ಊರುಗಳಲ್ಲೇ ಮಾವೂ ಇರುವುದರಿಂದ ಹೆಸರು ಅಲ್ಲಿಂದ ಇಲ್ಲಿಗೆ ದಾಟಿರಬೇಕು. ಹೆಸರು ಯಾವುದಾದರೂ ಇರಲಿ. ಈ ನೊಣ ಬಂತೆಂದರೆ ಔಷಧಿ ಅಂಗಡಿಗೆ ಓಡುವುದು ನಮಗೆ ರೂಢಿಯಾಗಿದೆ. ಆದರೆ ಔಷಧಿ ಹೊಡೆದು ಗೆಲ್ಲುವುದು ಬಹಳ ಕಷ್ಟವಾದ ಕೀಟಗಳಲ್ಲಿ ಇದೂ ಒಂದು. ಯಾಕೆ ಅಂತ ತಿಳಿಯಲು ಅದರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹೆಣ್ಣು ನೊಣದ ಹಿಂಬದಿಯಲ್ಲಿ ಸೂಜಿಯಂಥ ಅಂಗವಿದೆ. ಬಲಿಯುತ್ತಿರುವ ಹಣ್ಣಿನ ಸಿಪ್ಪೆಗೆ ಅದನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ, ತಿರುಳು ತಿನ್ನುತ್ತಾ ಒಂದು ವಾರದಿಂದ ಹತ್ತು ದಿನ ಹಣ್ಣಿನೊಳಗೇ ಇರುತ್ತದೆ. ಅಷ್ಟರಲ್ಲಿ ಹಣ್ಣು ಕೊಳೆತು ಉದುರುತ್ತದೆ. ಹುಳು ಹಣ್ಣಿನಿಂದ ಹೊರಬಿದ್ದು ಮಣ್ಣಿನಲ್ಲಿ ಒಂದೆರಡು ಅಂಗುಲ ಇಳಿದು ಕೋಶ ಕಟ್ಟಿಕೊಳ್ಳುತ್ತದೆ. ಇನ್ನೊಂದು ಹತ್ತು ದಿನಕ್ಕೆ ಹೊಸ ನೊಣ ಮಣ್ಣು ಸೀಳಿ ಮೇಲೆ ಬರುತ್ತದೆ. ಬಿಸಿಲು, ತೇವ ಎರಡೂ ಹದವಾಗಿದ್ದರೆ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ.

ಈಗ ಔಷಧಿ ಎಲ್ಲಿ ಬೀಳುತ್ತದೆ ಯೋಚಿಸಿ. ಎಲೆ, ಸಿಪ್ಪೆಯ ಮೇಲೆ. ಮೊಟ್ಟೆ, ಹುಳು ಸಿಪ್ಪೆಯ ಒಳಗೆ. ಕೋಶ ಮಣ್ಣಿನ ಕೆಳಗೆ. ಬೆಳೆದ ನೊಣವೂ ಸದಾ ನಮ್ಮ ತೋಪಿನಲ್ಲೇ ಇರುವುದಿಲ್ಲ. ಬೇಲಿಯ ಗಿಡ, ಪಕ್ಕದ ಹೊಲದ ನೆರಳಲ್ಲಿ ಕೂತಿದ್ದು ಮೊಟ್ಟೆ ಇಡುವ ಹೊತ್ತಿಗೆ ಹಾರಿ ಬರುತ್ತದೆ. ಇನ್ನು ಹೊಡೆಯುವ ಕಾಲ. ಕಾಯಿ ಬಲಿಯುವಾಗ ನೊಣ ಬರುತ್ತದೆ, ಅಂದರೆ ಕೊಯ್ಲಿಗೆ ಕೆಲವೇ ವಾರ ಇರುವಾಗ. ಆಗ ಹೊಡೆದ ವಿಷ ಹಣ್ಣಿನ ಜೊತೆಗೇ ಮನೆಗೆ ಬರುತ್ತದೆ. ನೊಣ ಸಾಯಲಿಲ್ಲ, ಅದನ್ನು ಹಿಡಿಯುವ ಕಣಜ, ಜೇಡ, ಇರುವೆ ಸತ್ತವು. ಖರ್ಚೂ ಆಯಿತು.

ಹೊರದೇಶದವರು ಈ ನೊಣಕ್ಕೆ ಎಷ್ಟು ಹೆದರುತ್ತಾರೆ ಅನ್ನುವುದು 2014ರಲ್ಲಿ ನಮಗೆ ಚೆನ್ನಾಗಿಯೇ ಗೊತ್ತಾಯಿತು. ಅದರ ಹಿಂದಿನ ವರ್ಷ ಭಾರತದಿಂದ ಹೋದ ಹಣ್ಣು ತರಕಾರಿಯ 207 ಸರಕುಗಳಲ್ಲಿ ಹಣ್ಣು ನೊಣವೂ ಸೇರಿ ಹಲವು ಕೀಟಗಳು ಸಿಕ್ಕವೆಂದು ಯುರೋಪ್ ಒಕ್ಕೂಟ 2014ರ ಮೇ 1ರಿಂದ ನಮ್ಮ ಮಾವಿಗೆ ಬಾಗಿಲು ಹಾಕಿತು. ಹಾಗಲ, ಪಡುವಲ, ಬದನೆಗೂ ಅದೇ ಗತಿ ಆಯಿತು. ಮಾವಿಗೆ ಮತ್ತೆ ದಾರಿ ತೆರೆದದ್ದು 2015ರಲ್ಲಿ. ಜಪಾನ್ ಇನ್ನೂ ಬಿಗಿ. 1986ರಲ್ಲಿ ನಿಲ್ಲಿಸಿದ್ದನ್ನು 2006ರವರೆಗೆ ಬಿಡಲಿಲ್ಲ. ಅಲ್ಲಿನವರು ಹೆದರಿದ್ದು ಹುಳು ಬಿದ್ದ ಒಂದು ಹಣ್ಣಿಗಲ್ಲ. ಒಂದು ಜೋಡಿ ನೊಣ ಅಲ್ಲಿನ ತೋಟ ಸೇರಿ ಬೀಡುಬಿಟ್ಟರೆ ಏನು ಗತಿ ಅನ್ನುವುದಕ್ಕೆ.

ವಿಷವಿಲ್ಲದ ದಾರಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮರಕ್ಕೆ ನೇತು ಹಾಕಿದ ಪ್ಲಾಸ್ಟಿಕ್ ಡಬ್ಬಿ, ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ. ಇದರ ಹಿಂದೆ ನೂರು ವರ್ಷಕ್ಕೂ ಹಳೆಯ ಕತೆಯಿದೆ, ನಡೆದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿ ಆಗ ಕೃಷಿ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿ ಹೌಲೆಟ್ ಎಂಬ ಕೀಟ ವಿಜ್ಞಾನಿ ಇದ್ದರು. ಸೊಳ್ಳೆ ಬರದಿರಲೆಂದು ಒಬ್ಬರು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡಿದ್ದರು. ಅದಕ್ಕೆ ನೊಣಗಳು ಬಂದು ಮುತ್ತಿಕೊಂಡವು. ಹೌಲೆಟ್ ನೋಡಿದರೆ ಅವೆಲ್ಲ ಹಣ್ಣು ನೊಣಗಳು, ಎಲ್ಲವೂ ಗಂಡು. 1912ರಲ್ಲಿ ಈ ವಿಷಯ ಬರೆದರು. ಸೆಳೆಯುತ್ತಿದ್ದ ವಸ್ತು ಮೀಥೈಲ್ ಯೂಜಿನಾಲ್ ಎಂದು 1915ರ ಹೊತ್ತಿಗೆ ಗುರುತಿಸಿದರು. ನಮ್ಮ ತುಳಸಿಯಲ್ಲೂ ಇದೇ ವಸ್ತುವಿದೆ. ತುಳಸಿ ಎಲೆ ಜಜ್ಜಿ ತೆಂಗಿನ ಚಿಪ್ಪಿನಲ್ಲಿಟ್ಟು ನೊಣ ಹಿಡಿಯುವ ರೈತರು ಇದ್ದಾರೆ. ಅದು ಸುಮ್ನೆ ಬಂದ ನಂಬಿಕೆಯಲ್ಲ, ಅದರಲ್ಲಿ ಹುರುಳಿದೆ.

ಗಂಡು ನೊಣ ಇದನ್ನು ಹುಡುಕಿಕೊಂಡು ಬಂದು ನೆಕ್ಕುತ್ತದೆ. ಮೈಯಲ್ಲಿ ಅದನ್ನು ಬದಲಾಯಿಸಿಕೊಂಡು ಹೆಣ್ಣನ್ನು ಕರೆಯುವ ವಾಸನೆಯಾಗಿ ಬಿಡುತ್ತದೆ. ಅಂದರೆ ಸಂಸಾರ ಹೂಡಲು ಅದಕ್ಕೆ ಇದು ಬೇಕು. ಸೆಳೆತ ಇಷ್ಟು ಜೋರಾಗಿರುವುದು ಅದಕ್ಕೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ರೈತರ ಕೈಗೆ ಸಿಗುವಂತೆ ಸರಳ ಮಾಡಿತು. ಚಿಕ್ಕ ಪ್ಲೈವುಡ್ ತುಂಡನ್ನು ಮೀಥೈಲ್ ಯೂಜಿನಾಲ್, ಸ್ಪಿರಿಟ್, ಸ್ವಲ್ಪ ಕೀಟನಾಶಕದ ಮಿಶ್ರಣದಲ್ಲಿ ನೆನೆಸಿ ಡಬ್ಬಿಯಲ್ಲಿ ನೇತು ಹಾಕುವುದು. ಎಕರೆಗೆ ಆರರಿಂದ ಎಂಟು ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೃಷಿ ಕೀಟ ಸಂಪನ್ಮೂಲ ಬ್ಯೂರೊದವರೂ ಸೇರಿ ಇದೇ ವಸ್ತುವನ್ನು ನ್ಯಾನೊ ಜೆಲ್ ರೂಪದಲ್ಲಿ ಹಿಡಿದಿಟ್ಟು, ನಿಧಾನವಾಗಿ ಆವಿಯಾಗುವ ಹಾಗೆ ಮಾಡಿ, ಸೀಬೆ ತೋಟದಲ್ಲಿ ಪರೀಕ್ಷಿಸಿದರು. ಅದು 2013ರಲ್ಲಿ ಪ್ರಕಟವಾಯಿತು.

ಡಬ್ಬಿಯೊಳಗೆ ಕೀಟನಾಶಕ ಇದೆಯಲ್ಲ ಅಂತ ಕೇಳಬಹುದು. ಇದೆ, ಮುಚ್ಚಿಡುವುದು ಬೇಡ. ಆದರೆ ಅದು ಹಣ್ಣಿಗೂ ಮಣ್ಣಿಗೂ ತಾಗುವುದಿಲ್ಲ. ಮೊದಲು ಇದಕ್ಕೆ ಬಳಸುತ್ತಿದ್ದ ಡೈಕ್ಲೋರ್‌ವಾಸ್ ದೇಶದಲ್ಲಿ 2020ರ ಕೊನೆಗೆ ನಿಂತಿತು. ಹಳೆಯ ಕರಪತ್ರ ನೋಡಿ ಅದನ್ನು ಹುಡುಕಿಕೊಂಡು ಹೋಗಬೇಡಿ. ಇನ್ನೊಂದು ಮಾತು. ಮಾವು, ಸೀಬೆಯ ನೊಣಕ್ಕೆ ಮೀಥೈಲ್ ಯೂಜಿನಾಲ್. ಹಾಗಲ, ಸೌತೆ, ಕುಂಬಳದ ನೊಣ ಇದಕ್ಕೆ ಬರುವುದಿಲ್ಲ, ಅದಕ್ಕೆ ಕ್ಯೂ-ಲೂರ್ ಎಂಬ ಬೇರೆ ಸೆಳೆಯುವ ವಸ್ತು ಬೇಕು. ಮಾವಿನ ಬಲೆ ತಂದು ಹಾಗಲದ ಚಪ್ಪರಕ್ಕೆ ಕಟ್ಟಿ, ಬಲೆಯೇ ಮೋಸ ಅಂದುಕೊಂಡವರು ಎಷ್ಟೋ ಜನ.

ಇಷ್ಟೆಲ್ಲ ಇದ್ದರೂ ಬಲೆ ಕಟ್ಟಿದ ತೋಪಿನಲ್ಲಿ ಹುಳ ಬೀಳುತ್ತದೆ. ರೈತರು ಡಬ್ಬಿ ತೆಗೆದು ತೋರಿಸುತ್ತಾರೆ, ಒಳಗೆ ಬೊಗಸೆ ತುಂಬ ಸತ್ತ ನೊಣ. 'ಇಷ್ಟು ಹಿಡಿದಿದ್ದೀವಿ, ಆದರೂ ಯಾಕೆ?' ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಡಬ್ಬಿಯಲ್ಲಿ ಇರುವುದೆಲ್ಲ ಗಂಡು. ಮೊಟ್ಟೆ ಇಡುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಹಾಗಾಗಿ ನೂರರಲ್ಲಿ ತೊಂಬತ್ತು ಗಂಡು ಹಿಡಿದರೂ ಉಳಿದ ಹತ್ತು ಸಾಕಾಗಿಬಿಡುತ್ತದೆ. ಅಲ್ಲದೆ ಪಕ್ಕದ ತೋಪಿನಲ್ಲಿ ಆಗಲೇ ಕೂಡಿದ ಹೆಣ್ಣು ಹಾರಿ ಬಂದರೆ ನಮ್ಮ ಡಬ್ಬಿಯ ಹತ್ತಿರವೂ ಸುಳಿಯುವುದಿಲ್ಲ, ನೇರ ಹಣ್ಣಿಗೇ ಹೋಗುತ್ತದೆ. ಬಲೆಯೊಂದರಿಂದಲೇ ನೊಣವನ್ನು ಅಳಿಸಿದ್ದೂ ಉಂಟು. 1960ರ ದಶಕದ ಶುರುವಿನಲ್ಲಿ ಪೆಸಿಫಿಕ್ ಸಾಗರದ ರೋಟಾ ಎಂಬ ಪುಟ್ಟ ದ್ವೀಪದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ವಿಷ ಹೀರಿಸಿದ ಹಲಗೆ ತುಂಡುಗಳನ್ನು ವಿಮಾನದಿಂದ ಇಡೀ ದ್ವೀಪಕ್ಕೆ ಉದುರಿಸಿದರು, ಮತ್ತೆ ಮತ್ತೆ. ನೊಣ ಪೂರ್ತಿ ಹೋಯಿತು. ಆದರೆ ರೋಟಾದ ಸುತ್ತ ಸಮುದ್ರ. ಶ್ರೀನಿವಾಸಪುರದ ತೋಪಿನ ಸುತ್ತ ಇನ್ನಷ್ಟು ತೋಪು.

ಹಾಗಾದರೆ ನೊಣ ಹುಟ್ಟುವ ಜಾಗ ಯಾವುದು? ಮರದ ಬುಡ. ಕೊಳೆತು ಬಿದ್ದ ಹಣ್ಣು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಲೆಕ್ಕಕ್ಕೆ ಒಂದು ಮಾತು. ಬಿದ್ದ ಒಂದು ಹಣ್ಣಿನಿಂದ ಇಪ್ಪತ್ತು ನೊಣ ಹೊರಟಿತು ಅಂತ ಇಟ್ಟುಕೊಳ್ಳಿ. ಅದರಲ್ಲಿ ಹತ್ತು ಹೆಣ್ಣು. ಒಂದೊಂದು ಬರೀ ನೂರು ಮೊಟ್ಟೆ ಇಟ್ಟರೂ ಸಾವಿರ. ಒಂದು ಹಣ್ಣು ಆಯ್ದರೆ ಆ ಸಾವಿರ ಹುಟ್ಟುವುದೇ ಇಲ್ಲ, ಗಂಡೂ ಇಲ್ಲ, ಹೆಣ್ಣೂ ಇಲ್ಲ. ಯಾವ ಬಲೆಯೂ ಇಷ್ಟು ಅಗ್ಗವಾಗಿ ಇಷ್ಟು ದೊಡ್ಡ ಕೆಲಸ ಮಾಡುವುದಿಲ್ಲ.

ಆಯ್ದ ಹಣ್ಣನ್ನು ಏನು ಮಾಡುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಬದುವಿನ ಮೇಲೆ ರಾಶಿ ಹಾಕಿದರೆ ನೊಣಕ್ಕೆ ಜಾಗ ಬದಲಾಯಿತು, ಅಷ್ಟೇ. ತಿಪ್ಪೆಗೆ ಎಸೆದರೂ ಅದೇ ಕತೆ. ಮೇಲೆ ಅರ್ಧ ಅಡಿ ಮಣ್ಣು ಎಳೆದರೆ ನೊಣ ಅದನ್ನು ಸೀಳಿಕೊಂಡು ಬರುತ್ತದೆ. ಎರಡರಿಂದ ಮೂರು ಅಡಿ ಆಳದ ಗುಂಡಿ ಬೇಕು, ಮಣ್ಣು ಮುಚ್ಚಿ ತುಳಿಯಬೇಕು. ಗುಂಡಿ ತೋಡುವ ಶಕ್ತಿ ಇಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಒಂದೆರಡು ವಾರ ಬಿಸಿಲಿಗೆ ಇಡಬಹುದು, ಒಳಗಿನ ಕಾವಿಗೆ ಹುಳು ಬೇಯುತ್ತದೆ. ಹವಾಯಿಯಲ್ಲಿ ಇನ್ನೊಂದು ದಾರಿ ಕಂಡುಕೊಂಡರು. ಬಲೆ ಬಟ್ಟೆಯ ಪುಟ್ಟ ಗುಡಾರ ಕಟ್ಟಿ ಬಿದ್ದ ಹಣ್ಣನ್ನೆಲ್ಲ ಅದರೊಳಗೆ ಸುರಿಯುತ್ತಾರೆ. ಬಲೆಯ ಕಣ್ಣುಗಳ ಅಳತೆ ಎಷ್ಟಿರುತ್ತದೆ ಅಂದರೆ ನೊಣ ಹೊರಬರಲಾಗದು. ಆದರೆ ನೊಣದ ಮೊಟ್ಟೆಯಲ್ಲಿ, ಹುಳುವಿನಲ್ಲಿ ತನ್ನ ಮರಿ ಬೆಳೆಸುವ ಪುಟ್ಟ ಕಣಜ ಅದರಲ್ಲಿ ನುಸುಳಿ ಹೊರಗೆ ಹೋಗುತ್ತದೆ. ಶತ್ರು ಒಳಗೆ ಸಾಯುತ್ತದೆ, ನೆಂಟ ತೋಟಕ್ಕೆ ವಾಪಸ್ ಬರುತ್ತಾನೆ. ಇಂಥ ಕಣಜಗಳು ನಮ್ಮ ತೋಪುಗಳಲ್ಲೂ ಇವೆ. ಔಷಧಿ ಹೊಡೆದಾಗ ಮೊದಲು ಹೋಗುವುದು ಅವೇ.

ಇಷ್ಟು ಸುಲಭ ಇದ್ದರೆ ಯಾಕೆ ಯಾರೂ ಮಾಡುವುದಿಲ್ಲ? ರೈತರು ಸೋಮಾರಿಗಳು, ತಿಳಿವಳಿಕೆ ಇಲ್ಲ ಅಂತ ಹೇಳಿಬಿಡುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ತೊಂದರೆ ಇರುವುದು ವ್ಯವಹಾರದಲ್ಲಿ.

ನಮ್ಮಲ್ಲಿ ಎಷ್ಟೋ ತೋಪುಗಳು ಹೂ ಬಿಡುವ ಹೊತ್ತಿಗೇ ಗುತ್ತಿಗೆಗೆ ಹೋಗುತ್ತವೆ. ಗುತ್ತಿಗೆದಾರ ಕಾವಲು ಕಾಯುತ್ತಾನೆ, ಕಾಯಿ ಇಳಿಸುತ್ತಾನೆ, ಹೋಗುತ್ತಾನೆ. ಮುಂದಿನ ವರ್ಷ ಈ ತೋಪು ಅವನದೇ ಆಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಿರುವಾಗ ಕೊನೆಯ ಲೋಡು ಹೋದ ಮೇಲೆ ಬುಡದಲ್ಲಿ ಕೊಳೆಯುವ ಹಣ್ಣಿಗೆ ಅವನು ಯಾಕೆ ಕೂಲಿ ಕೊಟ್ಟಾನು? ತೋಪಿನ ಒಡೆಯನಿಗೆ ಹಣ ಆಗಲೇ ಬಂದಿದೆ, ಎಷ್ಟೋ ಸಲ ಅವನು ಊರಲ್ಲೇ ಇರುವುದಿಲ್ಲ. ಬಿದ್ದ ಹಣ್ಣು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಬೆಲೆಯ ಕತೆ ಇನ್ನೊಂದು. 2025ರ ಬೇಸಿಗೆ ನೆನಪಿರಬಹುದು. ತೋತಾಪುರಿ ಬೆಲೆ ಕುಸಿಯಿತು. ಪಕ್ಕದ ಚಿತ್ತೂರು ಜಿಲ್ಲೆ ಹೊರಗಿನ ತೋತಾಪುರಿ ಬರದಂತೆ ತಡೆದು ಕೋಲಾರದ ರೈತರು ಇನ್ನಷ್ಟು ಕಂಗಾಲಾದರು. ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಇಟ್ಟು ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಬೇಕಾಯಿತು. ಕೆ.ಜಿ.ಗೆ ಹದಿನಾರು ರೂಪಾಯಿ ಚಿಲ್ಲರೆ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ತೋಟದ ಕೆಲಸದ ಕೂಲಿ ಅದಕ್ಕಿಂತ ಜಾಸ್ತಿಯೇ. ಒಬ್ಬ ಆಳನ್ನು ಕರೆದು ಒಂದು ದಿನ ಹಣ್ಣು ಆಯಿಸಿದರೆ, ಆ ಖರ್ಚು ಹುಟ್ಟಲು ಕಡಿಮೆಯೆಂದರೂ 23 ಕೆ.ಜಿ. ಒಳ್ಳೆ ಹಣ್ಣು ಉಳಿಯಬೇಕು. ಲೆಕ್ಕ ನೋಡಿದರೆ ಇದು ನಷ್ಟವಲ್ಲ. ಒಂದು ದೊಡ್ಡ ಮರ ಹುಳದಿಂದ ಉಳಿದುಕೊಂಡರೆ ಅದಕ್ಕಿಂತ ಎಷ್ಟೋ ಹೆಚ್ಚು ಹಣ್ಣು ಕೊಡುತ್ತದೆ. ಆದರೆ ಖರ್ಚು ಇವತ್ತು, ನನ್ನ ಜೇಬಿನಿಂದ. ಲಾಭ ಬರುವುದು ಮುಂದಿನ ತಿಂಗಳು ಇಲ್ಲವೇ ಮುಂದಿನ ವರ್ಷ, ಅದರಲ್ಲೂ ಅರ್ಧ ಪಕ್ಕದವರ ತೋಪಿಗೆ. ಪಕ್ಕದವರು ಆಯದಿದ್ದರೆ ನನ್ನ ಕೂಲಿ ನೀರಿಗೆ ಹೋದ ಹಾಗೆ. ಹೀಗಿದ್ದಾಗ ಯಾರೂ ಮೊದಲು ಕೈ ಹಾಕುವುದಿಲ್ಲ. ಇದು ಮನುಷ್ಯ ಸಹಜ, ಅಲ್ವಾ?

ಆದ್ದರಿಂದ ಹಣ್ಣು ನೊಣವನ್ನು ಒಬ್ಬೊಬ್ಬರ ತೋಟದ ರೋಗ ಅಂತ ನೋಡುವುದೇ ತಪ್ಪು ಅನ್ನಿಸುತ್ತದೆ. ಕೆರೆಯ ಹೂಳು ಎತ್ತುವಂತೆ ಇದು ಊರಿನ ಕೆಲಸ.

ಜಪಾನಿನ ಒಕಿನಾವಾ ದ್ವೀಪಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಅಲ್ಲಿನವರಿಗೆ ಹಾಗಲಕಾಯಿ ಅಂದರೆ ಪ್ರಾಣ. ಆದರೆ ಬಳ್ಳಿ ತರಕಾರಿಯ ನೊಣ ಇದ್ದ ಕಾರಣ ಆ ಹಾಗಲವನ್ನು ತಮ್ಮದೇ ದೇಶದ ಬೇರೆ ಭಾಗಕ್ಕೆ ಕಳಿಸುವ ಹಾಗಿರಲಿಲ್ಲ. 1970ರ ದಶಕದಲ್ಲಿ ಕುಮೆ ಎಂಬ ಚಿಕ್ಕ ದ್ವೀಪದಿಂದ ಶುರು ಮಾಡಿದರು. ಕಾರ್ಖಾನೆಯಲ್ಲಿ ನೊಣ ಸಾಕಿ, ಕೋಶಗಳಿಗೆ ಗಾಮಾ ಕಿರಣ ಹಾಯಿಸಿ ಬಂಜೆ ಮಾಡಿ, ಅವನ್ನು ತೋಟಗಳ ಮೇಲೆ ಬಿಟ್ಟರು. ಬಂಜೆ ಗಂಡಿನ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ವರ್ಷಗಟ್ಟಲೆ, ದ್ವೀಪದಿಂದ ದ್ವೀಪಕ್ಕೆ, ಸಾವಿರಾರು ಕೋಟಿ ನೊಣ ಬಿಟ್ಟರು. 1993ಕ್ಕೆ ಆ ನೊಣ ಪೂರ್ತಿ ಅಳಿಯಿತು. ಅಷ್ಟು ಹಣ, ಅಷ್ಟು ದೊಡ್ಡ ಕಾರ್ಖಾನೆ ನಮ್ಮ ತಾಲ್ಲೂಕುಗಳಿಗೆ ಹೊಂದುವುದಿಲ್ಲ, ಸಮುದ್ರವೂ ನಮ್ಮನ್ನು ಕಾಯುವುದಿಲ್ಲ. ಆದರೆ ಒಂದು ವಿಷಯ ಅಲ್ಲಿಂದ ತರಬಹುದು. ಒಂದು ತೋಟವನ್ನೂ ಬಿಡದೆ, ಎಲ್ಲ ಕಡೆ ಒಂದೇ ಸಲಕ್ಕೆ ಮಾಡಿದ್ದು.

ನಮ್ಮಲ್ಲಿ ಹೇಗೆ ಮಾಡಬಹುದು? ಕಾಯಿ ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಇರುವಾಗಲೇ ಊರಿನ ಎಲ್ಲ ತೋಪುಗಳಲ್ಲಿ ಒಂದೇ ವಾರ ಬಲೆ ಏರಬೇಕು. ಬೇಲಿ ಸಾಲಿನ ಸೀಬೆ, ಹಿತ್ತಲಿನ ಮಾವೂ ಬಿಡಬಾರದು. ಗುತ್ತಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಬಹುದು: ಬಿದ್ದ ಹಣ್ಣು ಆಯ್ದು ಗುಂಡಿಗೆ ಹಾಕುವುದು ಗುತ್ತಿಗೆದಾರನ ಜವಾಬ್ದಾರಿ, ಇಷ್ಟು ಹಣ ಅದಕ್ಕೆ ಹಿಡಿದಿಡುವುದು, ಕೊಯ್ಲು ಮುಗಿದು ತೋಪು ಶುಚಿಯಾದ ಮೇಲೆ ವಾಪಸ್. ಗುಂಡಿಯನ್ನು ಹತ್ತು ತೋಪಿಗೆ ಒಂದರಂತೆ ರೈತ ಉತ್ಪಾದಕರ ಕಂಪನಿಯೋ ಪಂಚಾಯಿತಿಯೋ ತೋಡಿಸಬಹುದು. ಬಲೆಗೆ ಸಹಾಯಧನ ಕೊಡುವುದು ಒಳ್ಳೆಯದೇ. ಆದರೆ ಹಣ್ಣು ಆಯುವ ಕೂಲಿಗೂ ಅಷ್ಟೇ ನೆರವು ಸಿಗಬೇಕು. ಡಬ್ಬಿ ಹಂಚಿದರೆ ಫೋಟೊ ಬರುತ್ತದೆ, ಕೊಳೆತ ಹಣ್ಣು ಹೂತರೆ ಬರುವುದಿಲ್ಲ. ನೆರವು ಯಾವ ಕಡೆ ಹರಿಯಬೇಕು ಅನ್ನುವುದನ್ನು ಅದು ತೀರ್ಮಾನಿಸಬಾರದು.

ಉಳಿದ ಉಪಾಯಗಳು ಬೆಳೆ ನೋಡಿ. ಸೀಬೆಗೆ ಚೀಲ ತೊಡಿಸುವುದು ಎಲ್ಲಕ್ಕಿಂತ ಗಟ್ಟಿ. ತೈವಾನ್ ಸೀಬೆ ಬೆಳೆಯುವವರು ಕಾಯಿ ಚಿಕ್ಕದಿರುವಾಗಲೇ ಮೆತ್ತನೆಯ ಫೋಮ್ ಬಲೆ ಹಾಕಿ ಮೇಲೆ ಕವರ್ ತೊಡಿಸುತ್ತಾರೆ. ನೊಣಕ್ಕೆ ಸಿಪ್ಪೆಯೇ ಸಿಗುವುದಿಲ್ಲ. ಗಿಡ ಕೈಗೆಟಕುವ ಎತ್ತರ ಇರುವುದರಿಂದ ಇದು ನಡೆಯುತ್ತದೆ. ಮೂವತ್ತು ಅಡಿ ಎತ್ತರದ ಹಳೇ ಮಾವಿನ ಮರಕ್ಕೆ ಚೀಲ ತೊಡಿಸು ಅಂತ ಯಾರಿಗೂ ಹೇಳಲಾಗದು, ಗಿಡ್ಡವಾಗಿ ಸವರಿದ ಹೊಸ ತೋಟಗಳಲ್ಲಿ ಸಾಧ್ಯ. ಸೀಬೆಯಲ್ಲಿ ಇನ್ನೊಂದು ಅನುಕೂಲ ಇದೆ. ಮಳೆಗಾಲದ ಫಸಲಿಗೆ ನೊಣ ಜಾಸ್ತಿ, ಚಳಿಗಾಲದ್ದಕ್ಕೆ ಕಡಿಮೆ. ನೀರು ನಿಲ್ಲಿಸಿ, ಸವರಿ, ಫಸಲನ್ನೇ ಚಳಿಗಾಲಕ್ಕೆ ತಳ್ಳಿದರೆ ಅರ್ಧ ಕಾಟ ತಪ್ಪುತ್ತದೆ. ಮಾವಿನಲ್ಲೂ ತಡವಾಗಿ ಬರುವ ತೋತಾಪುರಿ, ನೀಲಂ, ಮಲ್ಲಿಕಾ ಹೆಚ್ಚು ಪೆಟ್ಟು ತಿನ್ನುತ್ತವೆ. ಬಲಿತ ಕಾಯಿಯನ್ನು ಮರದಲ್ಲೇ ಹಣ್ಣಾಗಲು ಬಿಡದೆ ಒಂದು ವಾರ ಮೊದಲೇ ಇಳಿಸುವುದು ಲೇಸು.

ಚಗಳಿ ಇರುವೆಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯನ್ನು ಮಲೆನಾಡಿನವರು ಚಟ್ನಿ ಮಾಡುತ್ತಾರೆ. ನಮ್ಮ ಮಾವಿನ ನೊಣ 2003ರಲ್ಲಿ ಕೀನ್ಯಾದಲ್ಲಿ ಮೊದಲು ಕಾಣಿಸಿ ಆಫ್ರಿಕಾ ತುಂಬ ಹರಡಿತು. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಪುಗಳಲ್ಲಿ, ಚಗಳಿಯ ದಾಯಾದಿ ಜಾತಿಯ ಇರುವೆ ಇದ್ದ ಮರಗಳಿಗೆ ಈ ನೊಣದ ಹಾವಳಿ ಬಹಳ ಕಡಿಮೆ ಎಂದು ಸಂಶೋಧಕರು ಕಂಡುಕೊಂಡರು. ಇರುವೆ ನೊಣ ಹಿಡಿಯುವುದಷ್ಟೇ ಅಲ್ಲ. ಅದು ಓಡಾಡಿದ ಹಣ್ಣಿನ ಮೇಲೆ ಉಳಿಯುವ ವಾಸನೆಗೇ ಹೆಣ್ಣು ನೊಣ ಮೊಟ್ಟೆ ಇಡಲು ಹಿಂಜರಿಯುತ್ತದೆ. ಕಾಯಿ ಕೀಳುವವರಿಗೆ ಇರುವೆ ಕಚ್ಚುತ್ತದೆ, ಅದು ನಿಜ. ಅದಕ್ಕೆಂದೇ ಎಷ್ಟೋ ಕಡೆ ಗೂಡು ಕಂಡ ಕೂಡಲೇ ಔಷಧಿ ಹೊಡೆಯುತ್ತಾರೆ. ನನಗದು ತುಂಬ ನೋವಿನ ಸಂಗತಿ. ಕೊಯ್ಲಿನ ದಿನ ಬೆಳಗಿನ ತಂಪಿನಲ್ಲಿ ಇಳಿಸಿದರೆ, ಮೈ ತುಂಬ ಬಟ್ಟೆ ಹಾಕಿಕೊಂಡರೆ ಆ ಕಚ್ಚು ತಡೆಯುವಂಥದ್ದೇ.

ಕೊಯ್ದ ಮೇಲೂ ಒಂದು ಅವಕಾಶ ಉಂಟು. ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಒಳಗಿನ ಮೊಟ್ಟೆ, ಹುಳು ಸಾಯುತ್ತವೆ, ಹಣ್ಣು ಕೆಡುವುದಿಲ್ಲ. ಯುರೋಪಿಗೆ ಹೋಗುವ ಹಣ್ಣಿಗೆ ಇದನ್ನೇ ಮಾಡುವುದು. ಅಮೆರಿಕಕ್ಕಾದರೆ ವಿಕಿರಣ ಬೇಕು, ಮಾಲೂರಿನಲ್ಲಿ ಅದರ ಘಟಕವಿದೆ. ಬಿಸಿನೀರಿನ ತೊಟ್ಟಿ ಪರದೇಶಕ್ಕೆ ಕಳಿಸುವವರ ಸ್ವತ್ತಾಗಿಯೇ ಉಳಿಯಬೇಕಿಲ್ಲ. ಹೋಬಳಿಗೊಂದು ಇದ್ದರೆ ನಮ್ಮ ಸಂತೆಯ ಹಣ್ಣಿಗೂ ಆದೀತು.

ಕೊಯ್ಲು ಮುಗಿದ ಜುಲೈ ಕೊನೆಯ ವಾರದಲ್ಲಿ ಯಾವುದಾದರೂ ತೋಪಿನೊಳಗೆ ಹೋಗಿ ನೋಡಿ. ಲಾರಿಗಳು ಹೋಗಿರುತ್ತವೆ, ಕಾವಲಿನ ಗುಡಿಸಲು ಖಾಲಿ. ಬುಡದಲ್ಲಿ ಒಡೆದ ಹಣ್ಣು, ಹುಳಿ ವಾಸನೆ. ಅಲ್ಲಿಯ ಮಣ್ಣನ್ನು ಬೆರಳಿನಿಂದ ಕೆದಕಿದರೆ ಗೋಧಿ ಕಾಳಿನಂಥ ಕಂದು ಕೋಶಗಳು ಸಿಗುತ್ತವೆ. ಆ ವಾರ ಒಂದು ಸಲ ಮಣ್ಣು ಮಗುಚಿ ಹಾಕಿ ನಾಲ್ಕು ಕೋಳಿ ಬಿಟ್ಟರೂ ಅವು ಸಂಜೆಯೊಳಗೆ ಎಷ್ಟೋ ಕೋಶ ಹೆಕ್ಕಿ ತಿಂದಿರುತ್ತವೆ.